ಲಾಳಿಗೆ ಕೊಟ್ಟ ಬಾಯಿ

ಅವಳು ಬಾಯಿ ತೆರೆದರೆ ಪಾಳಿ ಬದಲಾಗುತ್ತಿತ್ತು. ಉತ್ಪ್ರೇಕ್ಷೆ ಮಾಡುತ್ತಿಲ್ಲ. ಒಮ್ಮೆ ನೇಯ್ಗೆ ಶೆಡ್ಡಿನ ಸೈರನ್ ಕೆಟ್ಟು ಕೂತಾಗ ಮೇಸ್ತ್ರಿ ಅವಳನ್ನು ಮಗ್ಗದಿಂದ ಎಬ್ಬಿಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿ, "ಒಂದ್ಸಲ ಕೂಗಮ್ಮ, ಎರಡನೇ ಪಾಳಿಯವರು ಒಳಗೆ ಬರ್ಲಿ" ಅಂದಿದ್ದ. ಕೂಗಿದಳು. ರಸ್ತೆಯಾಚೆ ಚಹಾ ಕುಡಿಯುತ್ತಿದ್ದವರು ಲೋಟ ಅಲ್ಲೇ ಇಟ್ಟು ಓಡಿಬಂದರು. ಅವತ್ತಿನಿಂದ ಅವಳು ಸೈರನ್. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಕರೆಯುವವನಿಗೆ ಮಾತ್ರ ಗೊತ್ತಿತ್ತು, ಅವನೂ ಆಗಾಗ ಮರೆಯುತ್ತಿದ್ದ.

ಅವಳ ಗಂಡ ಅದೇ ಶೆಡ್ಡಿನ ಕಾವಲುಗಾರ. ಅವನನ್ನು ಗೇಟು ಅನ್ನುತ್ತಿದ್ದೆವು. ನಮ್ಮ ಸಂಘ ಮುಷ್ಕರ ಹೂಡಿದಾಗಲೆಲ್ಲ ಗೇಟಿನ ಈಚೆ ಹೆಂಡತಿ ಮುಷ್ಟಿ ಎತ್ತಿ ಧಿಕ್ಕಾರ ಕೂಗುವುದು, ಆಚೆ ಗಂಡ ಲಾಠಿ ಹಿಡಿದು ಎದುರಿನ ಗೋಡೆ ನೋಡುತ್ತ ನಿಲ್ಲುವುದು. "ನಿಂಗೇನೂ ಅನ್ಸಲ್ವೇನಯ್ಯಾ?" ಅಂತ ಯಾರೋ ಕೇಳಿದ್ದಕ್ಕೆ, "ಮನೇಲೂ ಇದೇ ಪಾಳಿ ಕಣ್ರೀ. ಇಲ್ಲಿ ಅವಳ ಜೊತೆ ನೀವೂ ಇರ್ತೀರಿ, ಅಷ್ಟೇ" ಅಂದಿದ್ದ. ಸೈರನ್ನೂ ಗೇಟೂ ಸಂಸಾರ ಹೂಡಿದರೆ ಹುಟ್ಟುವುದು ಕಾರ್ಖಾನೆಯೇ ಎಂದು ಶೆಡ್ಡಿನ ಹೆಂಗಸರು ಆಡಿಕೊಂಡು ನಗುತ್ತಿದ್ದರು. ಮಕ್ಕಳಾಗಲಿಲ್ಲ. ವರ್ಷಗಳು ಕಳೆದ ಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಮನೆಯಲ್ಲಿ ಮೂರನೆಯವಳು ಗೇಟಿನ ತಂಗಿ. ಗಂಡನ ಕೈಯ ಏಟು ತಿಂದು ತಿಂದು ಸಾಕಾಗಿ, ಒಂದು ಚೀಲ ಹಿಡಿದು ಅಣ್ಣನ ಮನೆಗೆ ಬಂದವಳು. ಬಂದವಳಿಗೆ ಸೈರನ್ ಬುದ್ಧಿವಾದ ಹೇಳಲಿಲ್ಲ. ನೇಯ್ಗೆ ಕಲಿಸಿದಳು. ಮೇಸ್ತ್ರಿಯ ಹತ್ತಿರ ಜಗಳ ಮಾಡಿ ತನ್ನ ಎದುರು ಸಾಲಿನ ಮಗ್ಗಕ್ಕೇ ಹಾಕಿಸಿಕೊಂಡಳು. ಆ ನಾದಿನಿಗೆ ಅತ್ತಿಗೆ ಅಂದರೆ ಅಮ್ಮನೂ ಹೌದು, ಗುರುವೂ ಹೌದು, ಬೈಗುಳ ಕಲಿಸಿದವಳೂ ಹೌದು.

ಶೆಡ್ಡಿನ ಒಳಗೆ ಹೋಗದವರಿಗೆ ಅದರ ಸದ್ದು ಹೇಳಿ ತಿಳಿಸುವುದು ಕಷ್ಟ. ತಗಡಿನ ಮಾಡು, ಸಿಮೆಂಟಿನ ನೆಲ, ನಡುವೆ ಸಾಲು ಸಾಲು ಮಗ್ಗಗಳು ಒಟ್ಟಿಗೇ ಹಲ್ಲು ಕಡಿಯುತ್ತಿರುತ್ತವೆ. ಕಿವಿಯ ಹತ್ತಿರ ಬಾಯಿಟ್ಟು ಕಿರುಚಿದರೂ ಕೇಳಿಸುವುದಿಲ್ಲ. ಹಾಗಾಗಿ ನೇಯುವವರು ಧ್ವನಿಯನ್ನೇ ಬಿಟ್ಟು ಬರೀ ತುಟಿಯಲ್ಲಿ ಮಾತಾಡುವುದನ್ನು ಕಲಿಯುತ್ತಾರೆ. ತುಟಿಯನ್ನು ದೊಡ್ಡದಾಗಿ ಅಗಲಿಸಿ, ಉಬ್ಬಿಸಿ, ಮಡಿಸಿ. ಎದುರಿನವಳು ನೂಲಿನ ಮೇಲೆ ಒಂದು ಕಣ್ಣು, ತುಟಿಯ ಮೇಲೆ ಒಂದು ಕಣ್ಣು ಇಟ್ಟು ಓದಿಕೊಳ್ಳುತ್ತಾಳೆ. ಯಾರ ಮನೆಯ ಜಗಳ, ಯಾರ ಬಸಿರು, ಯಾವಾಗ ಕೆಲಸ ನಿಲ್ಲಿಸಬೇಕು, ಎಲ್ಲವೂ ಆ ಗದ್ದಲದ ನಡುವೆ ಸದ್ದಿಲ್ಲದೆ ಸಾಲಿನಿಂದ ಸಾಲಿಗೆ ಹೋಗುತ್ತಿತ್ತು. ನಮ್ಮ ಎಷ್ಟೋ ಮುಷ್ಕರಗಳು ಮಾಲೀಕನ ಮೂಗಿನ ಕೆಳಗೇ ಹೀಗೆ ತೀರ್ಮಾನವಾದವು.

ಹೊರಗೆ ಅಷ್ಟು ಗಂಟಲಿದ್ದ ಸೈರನ್, ಒಳಗೆ ತುಟಿಯಲ್ಲೂ ಎಲ್ಲರಿಗಿಂತ ಮುಂದು. ಅವಳ ದೊಡ್ಡ ಆಟವೆಂದರೆ ಮ್ಯಾನೇಜರನನ್ನು ಅಣಕಿಸುವುದು. ಆ ಮನುಷ್ಯನಿಗೆ ಮಾತಾಡುವಾಗ ಬಾಯಿ ಒಂದು ಕಡೆಗೆ ಜಾರುತ್ತಿತ್ತು, ಪದಗಳು ಅಲ್ಲಿಂದ ಸೋರಿದ ಹಾಗೆ ಬರುತ್ತಿದ್ದವು. ಅವನು ಸಾಲು ದಾಟಿ ಬೆನ್ನು ತಿರುಗಿಸಿದ ಕ್ಷಣ ಅವಳು ಬಾಯಿಯ ಬಲತುದಿಯನ್ನು ಕೆಳಗಿಳಿಸಿ, ತುಟಿಯಲ್ಲಿ ಏನೇನೋ ಕಲಸಿ ಉಗುಳುವಳು. ಎದುರಿನ ನಾದಿನಿ ನಕ್ಕು ನಕ್ಕು ನೂಲು ಹರಿದುಕೊಳ್ಳುವಳು. ಈ ಆಟವನ್ನು ನೆನಪಿಟ್ಟುಕೊಳ್ಳಿ.

ಇನ್ನು ಲಾಳಿಯ ವಿಷಯ. ಬಟ್ಟೆಯ ಅಡ್ಡ ಎಳೆಯನ್ನು ಹೊತ್ತು ಆ ಕಡೆಯಿಂದ ಈ ಕಡೆಗೆ ಹಾರುವ ಮರದ ದೋಣಿ ಅದು. ಹೊಟ್ಟೆಯಲ್ಲಿ ನೂಲು ಸುತ್ತಿದ ಕಂಡಿಕೆ, ಪಕ್ಕದಲ್ಲಿ ಒಂದು ಸಣ್ಣ ಕಣ್ಣು. ಕಂಡಿಕೆ ಖಾಲಿಯಾದಾಗಲೆಲ್ಲ ಹೊಸದನ್ನು ಹಾಕಿ, ನೂಲಿನ ತುದಿಯನ್ನು ಆ ಕಣ್ಣಿನಿಂದ ಹೊರಗೆ ತರಬೇಕು. ತರುವುದು ಹೇಗೆ? ಕಣ್ಣಿಗೆ ತುಟಿ ಹಚ್ಚಿ ಸುರ್ ಎಂದು ಉಸಿರೆಳೆದರೆ ನೂಲು ನಾಲಿಗೆಗೆ ಬಂದು ಬೀಳುತ್ತದೆ. ನೂಲಿನ ಜೊತೆಗೆ ಧೂಳು, ಎಣ್ಣೆ, ಬಣ್ಣ. ಹಿಂದಿನ ಪಾಳಿಯಲ್ಲಿ ಅದೇ ಲಾಳಿಗೆ ಬಾಯಿ ಹಚ್ಚಿದವಳ ಎಂಜಲೂ. ಆಮೇಲೆ ತುದಿಯನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ ಕತ್ತರಿಸುವುದು. ಶೆಡ್ಡಿನಲ್ಲಿ ಇದಕ್ಕೆ ಮುತ್ತು ಕೊಡುವುದು ಅನ್ನುತ್ತಿದ್ದರು. "ಗಂಡನಿಗೆ ಕೊಡೋ ಹೊತ್ತಿಗೆ ಖರ್ಚಾಗಿಹೋಗಿರುತ್ತೆ" ಅಂತ ಸೈರನ್ ಹೇಳಿದರೆ, ಗೇಟು, "ನಂಗೆ ಕೊಡ್ಬೇಡ, ಬಣ್ಣ ಹತ್ತುತ್ತೆ" ಅನ್ನುತ್ತಿದ್ದ.

ಹಲ್ಲು ಸವೆದವು, ವಸಡು ಸೋರಿತು, ಬಾಯಿ ನಾರಿತು. ಇದು ಒಬ್ಬಳ ಕಥೆಯಲ್ಲ, ಸಾಲು ಸಾಲು ಹೆಂಗಸರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಆಗ, ನಾದಿನಿ ಇನ್ನೂ ಬಂದಿರದ ಕಾಲದಲ್ಲಿ, ನಾವು ಶೆಡ್ಡಿನ ಗೇಟಿನ ಮುಂದೆ ಧರಣಿ ಕೂತೆವು. ಬಾಯಿ ಹಚ್ಚದೆ ನೂಲು ಎಳೆಯಲು ತಂತಿಯ ಕೊಕ್ಕೆ ಕೊಡಿ ಎಂಬುದೇ ಬೇಡಿಕೆ. ಪೊಲೀಸರು ಎಳೆದಾಡಿದರು, ಒಂದಿಷ್ಟು ಜನರ ತಲೆ ಒಡೆಯಿತು. ಸೈರನ್ ದಿನವಿಡೀ ಕೂಗುವಳು, "ಬೇಕೇ ಬೇಕು", ಜನ "ಕೊಕ್ಕೆ ಬೇಕು" ಎಂದು ಎತ್ತಿಕೊಳ್ಳುವರು. ಗೆದ್ದೆವು. ಪ್ರತಿ ಮಗ್ಗಕ್ಕೂ ಒಂದು ಕೊಕ್ಕೆ ಬಂತು.

ಬಂದ ಕೊಕ್ಕೆಯನ್ನು ಅವಳು ಕೆಲವು ದಿನ ಬಳಸಿದಳು, ಆಮೇಲೆ ಮಗ್ಗದ ಪಕ್ಕದ ಮೊಳೆಗೆ ನೇತುಹಾಕಿದಳು. ಉಳಿದವರೂ ನೇತುಹಾಕಿದರು. ಕೊಕ್ಕೆಯನ್ನು ಕಣ್ಣಿನೊಳಗೆ ತೂರಿಸಿ, ತಡಕಾಡಿ, ನೂಲು ಹಿಡಿದು ಎಳೆಯುವುದರೊಳಗೆ ಬಾಯಿ ಎರಡು ಲಾಳಿ ಮುಗಿಸುತ್ತದೆ. ಕೂಲಿ ಕೊಡುತ್ತಿದ್ದದ್ದು ನೇಯ್ದ ಬಟ್ಟೆಯ ಅಳತೆಗೆ. ಹೋರಾಡಿ ತಲೆ ಒಡೆಸಿಕೊಂಡು ತಂದ ಕೊಕ್ಕೆಗಳು ಮೊಳೆಯ ಮೇಲೆ ತುಕ್ಕು ಹಿಡಿದವು. ಮಾಲೀಕ ಅವುಗಳನ್ನು ನೋಡಿಕೊಂಡು ಹೋಗುತ್ತಿದ್ದ, ಏನೂ ಅನ್ನುತ್ತಿರಲಿಲ್ಲ. ಅವನಿಗೆ ಬಟ್ಟೆ ಹೆಚ್ಚು ಬಂದರೆ ಸಾಕಿತ್ತು.

ಅವಳ ವಸಡಿನಿಂದ ಲಾಳಿಯ ಮೇಲೆ ಕೆಂಪು ಕಾಣಿಸತೊಡಗಿದಾಗ ನಾದಿನಿಯೇ ಎಳೆದುಕೊಂಡು ಹಲ್ಲಿನ ಡಾಕ್ಟರ ಹತ್ತಿರ ಹೋದಳು. ಸೈಕಲ್ ಅಂಗಡಿಯ ಮೇಲಿನ ಒಂದೇ ಕೋಣೆಯ ಕ್ಲಿನಿಕ್ಕು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಹೆಚ್ಚು ಮಾತಿಲ್ಲ. ಕನ್ನಡಿ ಕಡ್ಡಿ ಹಾಕಿ ನೋಡಿ ಕೇಳಿದಳು:

"ರಕ್ತ ಯಾವಾಗಿನಿಂದ ಬರ್ತಿದೆ?"

"ರಕ್ತ ಅಲ್ಲ ಡಾಕ್ಟ್ರೇ, ಬಣ್ಣ. ಕೆಂಪು ನೂಲು ನೇಯ್ತಿದ್ದೆ."

"ಈಗ ಯಾವ ನೂಲು?"

"ಬಿಳಿ."

ಡಾಕ್ಟರಮ್ಮ ನಗಲಿಲ್ಲ. ಹಲ್ಲಿಗೂ ವಸಡಿಗೂ ನಡುವೆ ಜೇಬುಗಳಾಗಿಬಿಟ್ಟಿವೆ, ಆ ಜೇಬಿನಲ್ಲಿ ಬ್ಯಾಕ್ಟೀರಿಯ ಮನೆ ಮಾಡಿಕೊಂಡಿವೆ ಎಂದಳು. "ಗಾಯ ತೆರೆದೇ ಇದೆ. ನೀವು ಅಗಿದಾಗಲೆಲ್ಲ ಅವು ರಕ್ತಕ್ಕೆ ಇಳೀತವೆ."

"ಇಳಿದು ಎಲ್ಲಿಗೆ ಹೋಗ್ತವೆ?"

"ರಕ್ತ ಹೋದಲ್ಲಿಗೆಲ್ಲ. ಹೃದಯಕ್ಕೂ, ತಲೆಗೂ. ವಸಡಿನ ಉರಿ ಬಾಯಲ್ಲೇ ನಿಲ್ಲಲ್ಲ, ರಕ್ತನಾಳದ ಗೋಡೆಗೂ ತಟ್ಟುತ್ತೆ. ಅಲ್ಲಿ ರಕ್ತ ಹೆಪ್ಪುಗಟ್ಟೋದಕ್ಕೆ ಜಾಗ ಆಗುತ್ತೆ. ಸ್ಟ್ರೋಕ್ ಆದವರ ತಲೆಯಿಂದ ತೆಗೆದ ಹೆಪ್ಪಿನಲ್ಲಿ ಬಾಯಿಯ ಬ್ಯಾಕ್ಟೀರಿಯದ ಗುರುತು ಸಿಕ್ಕಿದೆ. ವಸಡು ಹೀಗಿರೋರಿಗೆ ಅಪಾಯ ಹೆಚ್ಚು. ನಿಮಗೆ ಬಿ.ಪಿ. ಬೇರೆ ಇದೆ."

"ಒಟ್ಟಿನಲ್ಲಿ ನಾನು ಬಾಯಿ ಮುಚ್ಕೊಂಡಿರ್ಬೇಕು ಅಂತೀರಿ. ನಮ್ಮ ಮ್ಯಾನೇಜರೂ ಅದೇ ಅಂತಾನೆ."

"ಬಾಯಿ ತೆಗೀರಿ ಅಂತಿದ್ದೀನಿ. ಮುಂದಿನ ಹಲ್ಲು ಉಳಿಯಲ್ಲ, ಅವನ್ನ ತೆಗೆದು, ವಸಡು ಶುದ್ಧ ಮಾಡಿ, ಆಮೇಲೆ ಬೇರೆ ಕಟ್ಟೋಣ. ನಾಳೆಯಿಂದಲೇ ಶುರು ಮಾಡ್ಬೇಕು."

"ವಿಚಾರಣೆ ಮುಗೀಲಿ. ಆಮೇಲೆ ಇಡೀ ತಲೆಯನ್ನೇ ತೆಗೀರಿ."

ವಿಚಾರಣೆ ಎಂದರೆ ಇದು. ಅಷ್ಟರಲ್ಲಿ ಲಾಳಿಯೇ ಬದಲಾಗಿತ್ತು. ಕಣ್ಣಿನ ಬದಲು ಪಕ್ಕದಲ್ಲಿ ಸೀಳಿರುವ ಹೊಸ ಬಗೆಯ ಲಾಳಿ ಬಂದಿತ್ತು. ಹೆಬ್ಬೆರಳಿನಿಂದ ನೂಲನ್ನು ಸೀಳಿಗೆ ಒತ್ತಿದರೆ ಆಯಿತು, ಬಾಯಿಯೂ ಬೇಡ, ಕೊಕ್ಕೆಯೂ ಬೇಡ, ಸಮಯವೂ ಹೋಗುವುದಿಲ್ಲ. ಅದನ್ನು ಎಲ್ಲ ಮಗ್ಗಗಳಿಗೂ ಕೊಡಬೇಕು, ನೇಯುವವರ ಬಾಯಿಯ ಕಾಯಿಲೆಯನ್ನು ಕೆಲಸದಿಂದ ಬಂದ ಕಾಯಿಲೆ ಎಂದು ಒಪ್ಪಬೇಕು ಎಂದು ಸಂಘ ಕಾರ್ಮಿಕ ಅಧಿಕಾರಿಯ ಮುಂದೆ ದೂರು ಹಾಕಿತ್ತು. ಮಾಲೀಕನ ಉತ್ತರ ಒಂದೇ ಸಾಲಿನದು: ಕೊಕ್ಕೆ ಕೊಟ್ಟಿದ್ದೇವೆ, ಅವರೇ ಬಳಸುವುದಿಲ್ಲ. ನಮ್ಮ ಹುಣ್ಣಿಗೇ ಬೆರಳಿಟ್ಟಿದ್ದ. ಕೊಕ್ಕೆ ಕೇಳಿದವರೂ ನಾವೇ, ನೇತುಹಾಕಿದವರೂ ನಾವೇ. ಇದನ್ನು ವಿವರಿಸಬೇಕಾದವರು ಯಾರು?

"ನಾನೇ" ಅಂದಳು ಸೈರನ್. ಸಂಘದ ಕೋಣೆಯಲ್ಲಿ ಬೆಂಚಿನ ಮೇಲೆ ಕಾಲು ಮಡಿಸಿ ಕೂತಿದ್ದಳು. "ನೀವು ಹೇಳಿದ್ರೆ ಭಾಷಣ ಆಗುತ್ತೆ ಲೀಡರ್ರೇ. ಕೇಳ್ದವಳೂ ನಾನು, ಬಿಟ್ಟವಳೂ ನಾನು. ಒಂದೇ ಮಾತು ಹೇಳ್ತೀನಿ. ಕೊಕ್ಕೆ ಕೊಟ್ರಿ, ಕೊಕ್ಕೆ ಹಿಡಿಯೋ ಹೊತ್ತು ಕೊಡ್ಲಿಲ್ಲ. ಆಮೇಲೆ ಬಾಯಿ ತೆಗೆದು ತೋರಿಸ್ತೀನಿ."

"ಡಾಕ್ಟರು ಹಲ್ಲು ತೆಗೀಬೇಕು ಅಂತಿದ್ದಾರಂತಲ್ಲ" ಅಂದೆ.

"ಸಾಕ್ಷೀನ ಕಿತ್ತು ಕಸದ ಬುಟ್ಟಿಗೆ ಹಾಕಿ ಹೋಗ್ಲಾ? ಮುಂದಿನ ಹಲ್ಲಿಲ್ಲದೆ 'ಶೋಷಣೆ' ಅಂದ್ರೆ ಸೀಟಿ ಹೊಡ್ದ ಹಾಗೆ ಕೇಳುತ್ತೆ. ಮಾಲೀಕನ ವಕೀಲ ಹೊಟ್ಟೆ ಹಿಡ್ಕೊಂಡು ನಗ್ತಾನೆ."

ನಾವೆಲ್ಲ ನಕ್ಕೆವು. ಹಲ್ಲಿಗಾಗಿ ಯಾರೂ ಸಾಯುವುದಿಲ್ಲ ಎಂದೇ ನಾವು ತಿಳಿದವರು. ಪೊಲೀಸರ ಏಟಿಗೆ ಹೆದರಬೇಕು, ಜೈಲಿಗೆ ಹೆದರಬೇಕು, ಹಲ್ಲುನೋವಿಗೆ ಲವಂಗ ಕಚ್ಚಬೇಕು. ಡಾಕ್ಟರಮ್ಮ ಎರಡು ಸಲ ಹೇಳಿ ಕಳಿಸಿದಳು. ನಾದಿನಿ ದಿನವೂ ಬೆನ್ನು ಹತ್ತಿದಳು. "ಅತ್ತಿಗೆ, ಆ ಹೆಪ್ಪಿನ ವಿಷಯ ಹೇಳಿದ್ರಲ್ಲ, ನಂಗೆ ನಿದ್ದೆ ಬರ್ತಿಲ್ಲ." "ನಿಂಗೆ ನಿದ್ದೆ ಬರ್ದಿದ್ರೆ ಸೊಳ್ಳೆ ಪರದೆ ಕಟ್ಕೋ" ಅನ್ನುತ್ತಿದ್ದಳು ಸೈರನ್. ರಾತ್ರಿ ಉಪ್ಪುನೀರು ಮುಕ್ಕಳಿಸಿ, ಬೆಳಿಗ್ಗೆ ಮತ್ತೆ ಲಾಳಿಗೆ ಬಾಯಿ ಹಚ್ಚುವಳು.

ವಿಚಾರಣೆಗೆ ಇನ್ನೊಂದು ವಾರವಿತ್ತು. ಮಧ್ಯಾಹ್ನದ ಊಟ ಮುಗಿದು ಮಗ್ಗಗಳು ಮತ್ತೆ ಶುರುವಾಗಿದ್ದವು. ಮ್ಯಾನೇಜರ್ ಸಾಲಿನಲ್ಲಿ ಒಂದು ಸುತ್ತು ಹಾಕಿ ಹೋದ. ನಾದಿನಿ ತಲೆಯೆತ್ತಿ ನೋಡಿದಾಗ ಎದುರಿಗೆ ಅತ್ತಿಗೆ ಬಾಯಿಯ ಬಲತುದಿಯನ್ನು ಕೆಳಗಿಳಿಸಿ ತುಟಿಯಲ್ಲಿ ಏನೋ ಕಲಸುತ್ತಿದ್ದಳು. ನಾದಿನಿ ನಕ್ಕಳು. "ಸಾಕು ಅತ್ತಿಗೆ, ಇನ್ನೂ ಬಾಗಿಲಲ್ಲೇ ಇದ್ದಾನೆ" ಅಂತ ತುಟಿಯಲ್ಲೇ ಹೇಳಿದಳು. ಅತ್ತಿಗೆ ನಿಲ್ಲಿಸಲಿಲ್ಲ. ಕಣ್ಣು ಅಗಲ ಮಾಡಿ ಮತ್ತೆ ಅದನ್ನೇ ಮಾಡಿದಳು. ಇವತ್ತು ಆಟ ಜೋರಾಗಿದೆ ಅಂದುಕೊಂಡು ನಾದಿನಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ತನ್ನ ಕಂಡಿಕೆ ಮುಗಿದದ್ದರಿಂದ ತಿರುಗಿ ಲಾಳಿ ತೆಗೆದಳು. ಆಮೇಲೆ ಎಳೆಯೊಂದು ತುಂಡಾಯಿತು, ಗಂಟು ಹಾಕಿದಳು. ಮತ್ತೆ ತಲೆಯೆತ್ತಿದಾಗ ಎದುರಿನ ಮಗ್ಗ ನಿಂತಿತ್ತು. ಅತ್ತಿಗೆಯ ಬಲಗೈಯಿಂದ ಲಾಳಿ ಜಾರಿ ನೆಲದಲ್ಲಿ ಬಿದ್ದಿತ್ತು. ಅವಳು ಎಡಗೈಯಲ್ಲಿ ಮಗ್ಗದ ಚೌಕಟ್ಟು ಹಿಡಿದು ಒಂದು ಕಡೆಗೆ ವಾಲಿಕೊಂಡು ನಿಂತಿದ್ದಳು. ಬಾಯಿ ಇನ್ನೂ ಹಾಗೇ ಇತ್ತು.

ಶೆಡ್ಡಿನ ಔಷಧದ ಕೋಣೆಯಲ್ಲಿ ಕಾಂಪೌಂಡರ್ ಅವಳನ್ನು ಮಲಗಿಸಿ, ಸೆಕೆಗೆ ತಲೆ ಸುತ್ತಿದೆ ಎಂದು ಸಕ್ಕರೆ ನೀರು ಕುಡಿಸಲು ನೋಡಿದ. ನೀರು ಬಾಯಿಯಿಂದ ಹೊರಗೇ ಬಂತು. ಗೇಟು ಓಡಿಬಂದು ಸಾಮಾನು ಸಾಗಿಸುವ ವ್ಯಾನಿನಲ್ಲಿ ಬಟ್ಟೆ ಮೂಟೆಗಳ ಮೇಲೆ ಮಲಗಿಸಿಕೊಂಡು ಹತ್ತಿರದ ಆಸ್ಪತ್ರೆಗೆ ಹೋದ. ಅಲ್ಲಿ ತಲೆ ಸ್ಕ್ಯಾನ್ ಮಾಡುವ ಯಂತ್ರ ಇರಲಿಲ್ಲ. ಡಾಕ್ಟರು ಊಟಕ್ಕೆ ಹೋಗಿದ್ದರು, ಬಂದವರು ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ದೊಡ್ಡಾಸ್ಪತ್ರೆ ಸೇರಿ, ಸಾಲಿನಲ್ಲಿ ಕಾದು, ಸ್ಕ್ಯಾನ್ ಆಗುವ ಹೊತ್ತಿಗೆ ದೀಪ ಹಚ್ಚಿದ್ದರು.

"ಯಾವಾಗ ಶುರುವಾಯ್ತು?" ಅಲ್ಲಿನ ಡಾಕ್ಟರು ಮತ್ತೆ ಮತ್ತೆ ಕೇಳಿದರು. ಹೆಪ್ಪು ಕರಗಿಸುವ ಔಷಧ ಕೊಡಲು ಆ ಸಮಯ ಗೊತ್ತಾಗಬೇಕಿತ್ತು.

ನಾದಿನಿ ಗೋಡೆಗೆ ಒರಗಿ ನಿಂತಿದ್ದಳು. "ನಾನು ನಗೋದಕ್ಕೆ ಶುರು ಮಾಡಿದಾಗ" ಅಂದಳು.

ಆ ಔಷಧ ಕೊಡಬಹುದಾದ ಅವಧಿ ಮೀರಿಹೋಗಿತ್ತು. ಇಲ್ಲಿ ಒಂದು ಮಾತು ಹೇಳಲೇಬೇಕು. ಆ ನಗು ತಿಂದ ಸಮಯ ಬಹಳವಲ್ಲ. ಸಕ್ಕರೆ ನೀರು, ಯಂತ್ರವಿಲ್ಲದ ಆಸ್ಪತ್ರೆ, ಊಟಕ್ಕೆ ಹೋದ ಡಾಕ್ಟರು, ದೊಡ್ಡಾಸ್ಪತ್ರೆಯ ಸಾಲು ತಿಂದದ್ದೇ ಹೆಚ್ಚು. ಇದನ್ನು ನಾನು ನಾದಿನಿಗೆ ಹೇಳಿದ್ದೇನೆ, ಅವಳ ಅಣ್ಣ ಹೇಳಿದ್ದಾನೆ, ಹಲ್ಲಿನ ಡಾಕ್ಟರಮ್ಮ ಹೇಳಿದ್ದಾಳೆ. ತಲೆಯಾಡಿಸುತ್ತಾಳೆ. ಆದರೆ ಅವಳಿಗೆ ಕಾಣುವುದು ನಗು ಮಾತ್ರ.

ಸೈರನ್ ಬದುಕಿದಳು. ಬಲಗೈ ಬಲಗಾಲು ಮರದ ಹಾಗಾದವು. ಮಾತು ಹೋಯಿತು. ಗಂಟಲು ಹೋಗಿರಲಿಲ್ಲ, ಗಂಟಲಿಗೆ ಕೊಡಲು ತಲೆಗೆ ಪದ ಸಿಗುತ್ತಿರಲಿಲ್ಲ. ನಾದಿನಿ ಮಂಚದ ಎದುರು ಕೂತು, "ಅತ್ತಿಗೆ, ಧ್ವನಿ ಬೇಡ, ಶೆಡ್ಡಲ್ಲಿ ಮಾತಾಡೋ ಹಾಗೆ ತುಟೀಲೇ ಹೇಳಿ, ನಾನು ಓದ್ಕೋತೀನಿ" ಎಂದು ಅಂಗಲಾಚಿದಳು. ಸೈರನ್ ತುಟಿ ಅಲ್ಲಾಡಿಸಿದಳು. ಅಲ್ಲಿ ಓದಲು ಏನೂ ಇರಲಿಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ ಗೇಟು ಲೋಟ ಹಿಡಿದು, "ನೀರು ಕುಡೀತೀಯಾ?" ಎಂದು ಕೇಳಿದ.

"ಬೇಕೇ ಬೇಕು" ಅಂದಳು. ಸ್ಪಷ್ಟವಾಗಿ, ರಾಗದ ಸಮೇತ.

ಗೇಟು ವಾರ್ಡಿನಲ್ಲಿದ್ದವರನ್ನೆಲ್ಲ ಕರೆದ. ನೀರು ತುಟಿಗೆ ಹಿಡಿದರೆ ಎಡಗೈಯಿಂದ ಲೋಟ ತಳ್ಳಿದಳು. ದಿಂಬು ಬೇಕಾ? ಬೇಕೇ ಬೇಕು. ತಂಗೀನ ಕರೀಲಾ? ಬೇಕೇ ಬೇಕು. ನಾನ್ಯಾರು ಹೇಳು? ಬೇಕೇ ಬೇಕು. ಡಾಕ್ಟರು ವಿವರಿಸಿದರು: ಸಾವಿರ ಸಲ ಕೂಗಿ ಸವೆದ ಮಾತು ತಲೆಯ ಬೇರೆ ಮೂಲೆಯಲ್ಲಿ ಕೂತಿರುತ್ತದೆ, ಉಳಿದದ್ದೆಲ್ಲ ಹೋದರೂ ಕೆಲವರಿಗೆ ಅದು ಉಳಿಯುತ್ತದೆ. ಹೇಳುತ್ತಿರುವುದು ಏನೆಂದು ಅವಳಿಗೇ ಗೊತ್ತಿರಬೇಕೆಂದಿಲ್ಲ.

ಗೇಟು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚಿದ. "ಇಷ್ಟು ವರ್ಷ ಗೇಟಿನ ಆಚೆ ನಿಂತು ಕೇಳಿಸ್ಕೊಂಡೂ ಕೇಳಿಸ್ಕೊಳ್ಳದ ಹಾಗೆ ಇದ್ದೆ" ಅಂದ. "ಆಗ ಏನು ಬೇಕು ಅಂತ ನಂಗೆ ಚೆನ್ನಾಗಿ ಗೊತ್ತಿತ್ತು. ಈಗ ಎದುರಿಗೇ ಕೂತು ಕೇಳ್ತಿದ್ದೀನಿ. ಏನು ಬೇಕು ಅಂತ ಗೊತ್ತಾಗ್ತಿಲ್ಲ ಕಣ್ರೀ."

ವಿಚಾರಣೆಯನ್ನು ಒಮ್ಮೆ ಮುಂದೂಡಿಸಿದೆವು. ಎರಡನೇ ಸಲ ಅಧಿಕಾರಿ ಒಪ್ಪಲಿಲ್ಲ. ಗಾಲಿಕುರ್ಚಿಯಲ್ಲಿ ಕೂರಿಸಿ ಕರೆದುಕೊಂಡು ಹೋದೆವು. ಬೇಡ ಎಂದು ನಾನು ಅಂದಿದ್ದೆ, ನಾದಿನಿ ಕೇಳಲಿಲ್ಲ. "ಅವರು ಬರ್ತೀನಿ ಅಂದಿದ್ರು, ಬರ್ತಾರೆ" ಅಂದಳು.

ಎತ್ತರದ ಛಾವಣಿಯ ಕೋಣೆ. ಕಿರುಗುಟ್ಟುವ ಫ್ಯಾನು. ಮೇಜಿನ ಮೇಲೆ ಮಾಲೀಕನ ವಕೀಲ ಕೊಕ್ಕೆಗಳನ್ನು ಸಾಲಾಗಿ ಜೋಡಿಸಿಟ್ಟಿದ್ದ, ತುಕ್ಕು ಉಜ್ಜಿಸಿ ತಂದಿದ್ದ. ಮೊದಲು ಹಲ್ಲಿನ ಡಾಕ್ಟರಮ್ಮನನ್ನು ಕೇಳಿದರು. ಅವಳು ಲಾಳಿ, ಎಂಜಲು, ವಸಡು, ರಕ್ತ, ಹೆಪ್ಪು ಎಲ್ಲವನ್ನೂ ಕ್ರಮವಾಗಿ ಹೇಳಿದಳು.

ವಕೀಲ ಎದ್ದ. "ಈಕೆಗೆ ಸ್ಟ್ರೋಕ್ ಆಗಿದ್ದು ಲಾಳಿಯಿಂದಲೇ ಅಂತ ಹೇಳ್ತೀರಾ?"

"ಹೇಳಲ್ಲ. ಇಂಥ ವಸಡು ಇರೋರಿಗೆ ಅಪಾಯ ಹೆಚ್ಚು ಅಂತ ಹೇಳ್ತೀನಿ. ಅದು ಬಹಳ ಜನರನ್ನ ನೋಡಿ ಹೇಳೋ ಮಾತು. ಒಬ್ಬರ ತಲೆಯೊಳಗಿನ ಹೆಪ್ಪಿಗೆ ಇದೇ ಕಾರಣ ಅಂತ ಬೆರಳು ತೋರಿಸೋದಕ್ಕೆ ನನ್ನಿಂದ ಆಗಲ್ಲ."

"ಬಿ.ಪಿ. ಇತ್ತಲ್ವಾ?"

"ಇತ್ತು."

"ಅಂದ್ರೆ ನಿಮಗೆ ಗೊತ್ತಿಲ್ಲ."

"ಅಪಾಯ ಹೆಚ್ಚು ಅಂತ ಗೊತ್ತಿದೆ."

ನನಗೆ ಅವಳ ಮೇಲೆ ಸಿಟ್ಟು ಬಂತು. ಒಂದು ಸುಳ್ಳು ಹೇಳಿದ್ದರೆ ಏನು ಹೋಗುತ್ತಿತ್ತು ಅನ್ನಿಸಿತು. ಆದರೆ ಹೇಳಿದ್ದು ನಿಜ, ನಿಜಕ್ಕೆ ಅಷ್ಟೇ ಉದ್ದ ಇತ್ತು. ನಮಗೆ ಬೇಕಿದ್ದಷ್ಟು ಉದ್ದ ಇರಲಿಲ್ಲ.

ಆಮೇಲೆ ಅಧಿಕಾರಿ ಕೊಕ್ಕೆಯ ಕಡೆ ಬೆರಳು ಮಾಡಿ, ಇವನ್ನು ಕೊಟ್ಟಿದ್ದು ಹೌದೋ ಅಲ್ಲವೋ ಎಂದರು. ಹೌದು ಅಂದೆವು. ಬಳಸಲಿಲ್ಲ ಯಾಕೆ? ನಾದಿನಿ ಎದ್ದು ನಿಂತು ಅತ್ತಿಗೆ ಹೇಳಬೇಕಾಗಿದ್ದ ಮಾತನ್ನು ಹೇಳಿದಳು. "ಕೊಕ್ಕೆ ಕೊಟ್ರಿ, ಕೊಕ್ಕೆ ಹಿಡಿಯೋ ಹೊತ್ತು ಕೊಡ್ಲಿಲ್ಲ." ಅದೇ ಮಾತು, ಒಂದಕ್ಷರ ಬಿಟ್ಟಿರಲಿಲ್ಲ. ಆದರೆ ಅವಳ ಧ್ವನಿ ಮೇಜಿನ ತನಕ ಹೋಗಿ ಬಿದ್ದುಬಿಟ್ಟಿತು. "ಕೊಕ್ಕೆ ಬಂದಾಗ ನೀವು ಕೆಲಸಕ್ಕೆ ಸೇರಿದ್ರಾ?" ಎಂದು ವಕೀಲ ಕೇಳಿದ. ಸೇರಿರಲಿಲ್ಲ. "ಹಾಗಾದ್ರೆ ಇದು ಯಾರೋ ಹೇಳಿ ಕೇಳಿದ ಮಾತು" ಎಂದು ಕೂತ.

ನಾದಿನಿ ಕೂರಲಿಲ್ಲ. ಚೀಲದಿಂದ ಒಂದು ಲಾಳಿ ತೆಗೆದಳು. ಅತ್ತಿಗೆಯ ಮಗ್ಗದ್ದೇ. ಕಂಡಿಕೆ ಹಾಕಿ ಅವಳ ಎಡಗೈಗೆ ಕೊಟ್ಟಳು. "ಹೇಗೆ ಮಾಡ್ತಿದ್ರಿ ಅಂತ ತೋರಿಸಿ ಅತ್ತಿಗೆ."

ಸೈರನ್ ಲಾಳಿಯನ್ನು ನೋಡಿದಳು. ಕೈಗೆ ಗೊತ್ತಿತ್ತು. ಎತ್ತಿ ಬಾಯಿಗೆ ಹಚ್ಚಿದಳು. ಉಸಿರೆಳೆದಳು. ತುಟಿಯ ಬಲಗಡೆ ಮುಚ್ಚಿಕೊಳ್ಳುತ್ತಿರಲಿಲ್ಲ, ಗಾಳಿಯೆಲ್ಲ ಅಲ್ಲಿಂದ ಸೋರಿತು. ನೂಲು ಬರಲಿಲ್ಲ. ಮತ್ತೆ ಎಳೆದಳು. ಜೊಲ್ಲು ಲಾಳಿಯ ಮೇಲೆ ಇಳಿಯಿತು, ಅದರಲ್ಲಿ ಸ್ವಲ್ಪ ಕೆಂಪಿತ್ತು.

"ಸಾಕು" ಅಂದರು ಅಧಿಕಾರಿ.

ಅವಳು ನಿಲ್ಲಿಸಲಿಲ್ಲ. ತಲೆ ಬಗ್ಗಿಸಿ, ಲಾಳಿಯನ್ನು ತುಟಿಯ ಎಡಕ್ಕೆ ಸರಿಸಿ, ಮತ್ತೆ ಎಳೆದಳು. ಕೋಣೆಯಲ್ಲಿ ಆ ಸುರ್ ಸುರ್ ಸದ್ದು ಬಿಟ್ಟರೆ ಫ್ಯಾನಿನದಷ್ಟೇ. ಗುಮಾಸ್ತ ಕಿಟಕಿಯ ಕಡೆ ಮುಖ ತಿರುಗಿಸಿದ. ಕೊನೆಗೆ ಗೇಟು ಹೋಗಿ ಮೊಣಕಾಲೂರಿ, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಲಾಳಿ ತೆಗೆದುಕೊಂಡ. ಅವಳು ಅವನನ್ನು ನೋಡಿ ಕೂಗಿದಳು, "ಬೇಕೇ ಬೇಕು." ಹಳೆಯ ಗಂಟಲು, ಮಾಡು ಅದುರಿತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು, ಕೂಡಲೇ ನಿಲ್ಲಿಸಿದರು. ಎಷ್ಟೋ ವರ್ಷ ನಾವು ಆ ಕೂಗನ್ನು ಎತ್ತಿಕೊಂಡವರು, ಅವತ್ತು ಒಬ್ಬರ ಬಾಯಿಯೂ ಏಳಲಿಲ್ಲ.

ಆದೇಶ ಬಂತು. ಇನ್ನು ಮುಂದೆ ತರುವ ಹೊಸ ಮಗ್ಗಗಳಿಗೆ ಸೀಳು ಲಾಳಿ ಕೊಡಬೇಕು. ಹಳೆಯ ಮಗ್ಗಗಳಿಗೆ ಕೊಕ್ಕೆ ಸಾಕು, ಬಳಸುವುದು ಕಾರ್ಮಿಕರ ಹೊಣೆ. ಕಾಯಿಲೆಯ ವಿಷಯದಲ್ಲಿ, ಸಂಬಂಧ ಇರುವ ಸಾಧ್ಯತೆ ಇದೆ, ಈ ಪ್ರಕರಣದಲ್ಲಿ ಸಾಬೀತಾಗಿಲ್ಲ. ಮಾಲೀಕ ಹೊಸ ಮಗ್ಗ ತರಲಿಲ್ಲ.

ನಾದಿನಿ ಮರುದಿನವೇ ಮೊಳೆಯಿಂದ ಕೊಕ್ಕೆ ಇಳಿಸಿದಳು. ಒಂದಿಷ್ಟು ದಿನ ಹಟ ಹಿಡಿದು ಅದರಲ್ಲೇ ನೂಲು ಎಳೆದಳು. ಬಟ್ಟೆ ಕಡಿಮೆ ಬಿತ್ತು. ಮನೆಯಲ್ಲಿ ಈಗ ದುಡಿಯುವವರು ಇಬ್ಬರೇ, ಔಷಧ ಬೇರೆ. ಶೆಡ್ಡಿನ ಬಾಗಿಲಲ್ಲಿ ನನಗೆ ಸಿಕ್ಕಾಗ, "ಮತ್ತೆ ಬಾಯಿಗೇ ಬಂದೆ" ಅಂದಳು, ಬೇರೆ ಕಡೆ ನೋಡುತ್ತ. ಪಾಳಿ ಮುಗಿದ ಮೇಲೆ ಡಾಕ್ಟರಮ್ಮ ಹೇಳಿಕೊಟ್ಟ ಹಾಗೆ ಉಜ್ಜುತ್ತಾಳೆ, ಆಗಾಗ ಹೋಗಿ ವಸಡು ತೋರಿಸಿಕೊಳ್ಳುತ್ತಾಳೆ. ಮಾಡಬಹುದಾದದ್ದು ಅಷ್ಟು.

ಸೈರನ್ನಿನ ಮುಂದಿನ ಹಲ್ಲುಗಳನ್ನು ದೊಡ್ಡಾಸ್ಪತ್ರೆಯಲ್ಲೇ ತೆಗೆದರು. ರಕ್ತ ತೆಳುವಾಗಿಸುವ ಔಷಧ ಕೊಡುತ್ತಿದ್ದದ್ದರಿಂದ ಬಹಳ ಹುಷಾರಾಗಿ, ಒಂದಾದ ಮೇಲೆ ಒಂದು ತೆಗೆದರು. ಸಾಕ್ಷಿ ಇನ್ನು ಯಾರಿಗೂ ಬೇಕಿರಲಿಲ್ಲ. ಈಗ ಬೆಳಿಗ್ಗೆ ಸಂಜೆ ನಾದಿನಿಯೇ ಅವಳ ಬಾಯಿ ತೊಳೆಯುತ್ತಾಳೆ. ಬಲಗೆನ್ನೆಯೊಳಗೆ ಅನ್ನ ಉಳಿದುಬಿಡುತ್ತದೆ, ಅವಳಿಗೆ ಗೊತ್ತಾಗುವುದಿಲ್ಲ. ಅದು ಕೊಳೆತರೆ ಶ್ವಾಸಕೋಶಕ್ಕೆ ಇಳಿದು ಬೇರೆ ಕಾಯಿಲೆ. ಮೆತ್ತನೆಯ ಬ್ರಷ್ಷು, ಒಂದು ಬಟ್ಟಲು ನೀರು, ಭುಜದ ಮೇಲೆ ಒಂದು ತುಂಡು ಬಟ್ಟೆ. ಬೇಸರವಾದಾಗ ಸೈರನ್ ಬ್ರಷ್ಷನ್ನೇ ಕಚ್ಚಿಬಿಡುತ್ತಾಳೆ. "ಬಿಡಿ ಅತ್ತಿಗೆ, ಅದೇನು ಮ್ಯಾನೇಜರನ ಕಿವೀನಾ?" ಅನ್ನುತ್ತಾಳೆ ನಾದಿನಿ.

ಮೊನ್ನೆ ಸಂಜೆ ನಾನು ಹೋದಾಗ ಬಾಯಿ ತೊಳೆಯುವುದು ಮುಗಿದಿತ್ತು. ನಾದಿನಿ ಎದುರಿಗೆ ಕೂತು ಧ್ವನಿಯಿಲ್ಲದೆ ತುಟಿಯಲ್ಲಿ ಶೆಡ್ಡಿನ ಸುದ್ದಿ ಹೇಳುತ್ತಿದ್ದಳು, ದಿನವೂ ಹೇಳುತ್ತಾಳಂತೆ. ಸೈರನ್ ಅವಳ ತುಟಿಯನ್ನೇ ನೋಡುತ್ತಿದ್ದಳು. ಅವಳಿಗೆ ಎಷ್ಟು ತಿಳಿಯುತ್ತದೋ ಯಾರಿಗೂ ಗೊತ್ತಿಲ್ಲ. ಹೀಗೆ ನೋಡುತ್ತ ನೋಡುತ್ತ ಅವಳು ಎಡಗೈ ಎತ್ತಿ, ಜಾರಿದ್ದ ತನ್ನ ಬಾಯಿಯ ಬಲತುದಿಯನ್ನು ತೋರುಬೆರಳಿನಿಂದ ಮೇಲಕ್ಕೆತ್ತಿ ಹಿಡಿದಳು. ಒಂದು ಕ್ಷಣ ಆ ಮುಖ ಹಳೆಯ ಮುಖವಾಯಿತು. ಬಾಯಿ ನೆಟ್ಟಗಿರುವವರನ್ನು ಅಣಕಿಸುತ್ತಿದ್ದಳೋ, ನೋವು ಎನ್ನುತ್ತಿದ್ದಳೋ, ಇನ್ನೇನಾದರೂ ಬೇಕಿತ್ತೋ.

ಗೇಟು ಬಾಗಿಲಲ್ಲಿ ನಿಂತು ತಂಗಿಯನ್ನು ನೋಡಿದ. ಅವಳು ನಗಲಿಲ್ಲ. ಕುರ್ಚಿಯ ಹತ್ತಿರಕ್ಕೆ ಸರಿದು ಕೂತು, ಆ ಬೆರಳು ಇಳಿಯುವ ತನಕ ಅತ್ತಿಗೆಯ ಬಾಯಿಯನ್ನೇ ನೋಡುತ್ತಿದ್ದಳು.